ತಿಹೊಮಿರನ ಬುಡ್ಡಿ

ಪೆಟ್ರಿನ್ಯಾ, ಸೆಪ್ಟೆಂಬರ್ 9

ಅಮ್ಮಾ,

ಮೊಣಕಾಲಿಗೆ ಮುಲಾಮು ಹಚ್ಚುತ್ತಿದ್ದೀಯಾ? ಫೋನಿನಲ್ಲಿ ಕೇಳಿದರೆ ಮಾತು ಮರೆಸುತ್ತೀಯ, ಅದಕ್ಕೇ ಈ ಕಾಗದ.

ನಮ್ಮ ತಂಡ ಈಗ ನಮ್ಮದೇ ಪ್ಲಮ್ ತೋಟದಲ್ಲಿ ನೆಲಬಾಂಬ್ ಹುಡುಕುತ್ತಿದೆ. ಬಾವಿಯ ಹತ್ತಿರದ ಮರದಡಿ ರೇಡಾರ್ ಗಾಡಿಗೆ ದುಂಡಗಿನದೇನೋ ಕಂಡಿದೆ. ಲೋಹವಲ್ಲ. ನೂರಕ್ಕೆ ತೊಂಬತ್ತು ಪಾಲು ಪ್ಲಾಸ್ಟಿಕ್ ಬಾಂಬೇ ಎನ್ನುತ್ತಿದೆ ಕಂಪ್ಯೂಟರ್. ನಾವು ತೋರಿಸಿದ ಆಕಾರಗಳನ್ನಷ್ಟೇ ಅದು ಕಲಿತಿರುವುದು. ಮಗ ಹುಟ್ಟಿದ ದಿನ ಹೂತು, ಅವನ ಮದುವೆಗೆ ತೆಗೆಯುವ ರಾಕಿಯಾ ಸಾರಾಯಿಯ ಬುಡ್ಡಿಯನ್ನು ಅದಕ್ಕೆ ಯಾರೂ ತೋರಿಸಿಲ್ಲ.

"ಅಗೆಯೋ ಸಾಹಸ ಯಾಕೆ? ಅಲ್ಲೇ ಸಿಡಿಸಿಬಿಡೋಣ," ಅಂದ ನಮ್ಮ ತಂಡದ ಮುಖ್ಯಸ್ಥ ಝ್ವೊನಿಮಿರ್.

"ನಮ್ಮ ತಿಹೊಮಿರಣ್ಣನ ಮದುವೆ ಬುಡ್ಡಿ ಇರಬಹುದು ಕಣೋ," ಅಂದೆ.

"ಯುದ್ಧಕ್ಕೆ ಹೋಗಿ ಮೂವತ್ತು ವರ್ಷ ಆದ್ರೂ ಸುದ್ದಿ ಇಲ್ಲದ ಮದುಮಗನಿಗಾ?" ಎಂದವನು ತಕ್ಷಣ ತಲೆ ತಗ್ಗಿಸಿದ. "ನಿಮ್ಮಮ್ಮನ್ನ ಕೇಳು. ತಿಂಗಳ ಕೊನೆವರೆಗೂ ಕಾಯ್ತೀನಿ."

ಅಪ್ಪ ಅದನ್ನು ಬಾವಿಯಿಂದ ಎಷ್ಟು ಹೆಜ್ಜೆ ದೂರದಲ್ಲಿ ಹೂತಿದ್ದ? ಎಷ್ಟು ಆಳದಲ್ಲಿ? ನಿನ್ನ ಲೆಕ್ಕ ಇಲ್ಲಿ ಗಾಡಿ ತೋರಿಸಿದ ಜಾಗಕ್ಕೆ ಹೊಂದಿದರೆ ನಾನೇ ಹೊಟ್ಟೆಯ ಮೇಲೆ ಮಲಗಿ ಕೈಯಲ್ಲಿ ಮಣ್ಣು ಬಿಡಿಸುತ್ತೇನೆ. ಆದ್ದರಿಂದ ಸರಿಯಾಗಿ ನೆನಪಿಲ್ಲದಿದ್ದರೆ ಇಲ್ಲವೆಂದೇ ಬರೆ. ಆಸೆಗೆ ಬಿದ್ದು ಬರೆಯಬೇಡ, ಅಮ್ಮಾ.

ಬುಡ್ಡಿಯೇ ಸಿಕ್ಕರೆ ನಿನ್ನ ಹತ್ತಿರ ತರುತ್ತೇನೆ. ಮಂಚದ ಕೆಳಗೆ ಜಾಗ ಮಾಡಿಡು. ಅದರ ಬಿರಡೆ ತೆಗೆಯೋಣ ಎಂದು ನಾನಾಗಿ ಯಾವತ್ತೂ ಹೇಳುವುದಿಲ್ಲ.

ನಿನ್ನ
ಯದ್ರಂಕಾ