ಸೆವ್ರಿನಾ ಆಂಟಿ ಜಗಳ ಬಿಟ್ಟದ್ದು

ಫೆಬ್ರುವರಿ 16, ಸೋಮವಾರ, ಬೆಳಿಗ್ಗೆ 7

‘ಜಗಳವಿಲ್ಲದ ಮನೆಗೆ ಬೆಳಕು ತಾನೇ ಬಂದು ಕೂರುತ್ತದೆ’ — ಹಾಲಿಗೆ ಕಾವಲು ನಿಂತಾಗ ನೆನಪಾಯಿತು. ಕೂರುತ್ತದೆಯೋ, ನಿಲ್ಲುತ್ತದೆಯೋ? ಯಾರ ಸಾಲೋ. ಬರೆದವರು ರಾಸ್ತಾ ಪೇಠೆಯ ಈ ಎರಡನೇ ಮಹಡಿಯಲ್ಲಿ ಇದ್ದವರಂತೂ ಅಲ್ಲ. ಎದುರಿನ ಎರಡು ಬಾಗಿಲುಗಳ ನಡುವೆ ಆಗಲೇ ಶುರುವಾಗಿತ್ತು.

“ನಿಮ್ಮಪ್ಪ ಗಾರ್ಡ್! ಹಿಂದಿನ ಡಬ್ಬಿಯೊಳಗ ನಿದ್ದಿ ಹೊಡ್ಯಾಂವ!”

“ನಿಮ್ಮಪ್ಪ ಡ್ರೈವರ್! ಸಿಗ್ನಲ್ ಕಾಣದಾಂವ!”

ಸಿಪೋರಾ ಮಾವಶಿ ಯೆಹೂದಿ, ಸೆವ್ರಿನಾ ಆಂಟಿ ಕ್ಯಾಥೊಲಿಕ್. ಹುಬ್ಬಳ್ಳಿ ರೈಲ್ವೆ ಕಾಲೊನಿಯಲ್ಲಿ ಒಂದನೇ ಇಯತ್ತೆಯಿಂದ ಜೊತೆ. ಈಗ ವಯಸ್ಸು ಎಪ್ಪತ್ತೆರಡು; ಈ ಮರಾಠಿ ಊರಲ್ಲೂ ಅಕ್ಕಪಕ್ಕದ ಬಾಗಿಲು. ಜಗಳವಾಡದ ದಿನ ಇಬ್ಬರಿಗೂ ಊಟ ಸೇರುವುದಿಲ್ಲ.

ಹಾಲು ಉಕ್ಕಿತು.

ಫೆಬ್ರುವರಿ 18, ಬುಧವಾರ

ಆಂಟಿಯ ಹಣೆಯ ಮೇಲೆ ಬೂದಿ. ಇಂದಿನಿಂದ ಈಸ್ಟರ್‌ವರೆಗೆ ತಪಸ್ಸುಕಾಲ. ಪ್ರತಿವರ್ಷ ಪ್ರೀತಿಯದೊಂದನ್ನು ಬಿಡುತ್ತಾರೆ. ಹೋದ ವರ್ಷ ಚಹಾ.

“ಈ ಸಲ ಏನ್ ಬಿಟ್ರಿ?”

“ಸಿಪೋರಾನ ಜೋಡಿ ಜಗಳ. ಆಕಿಗೆ ಹೇಳಬ್ಯಾಡ ಮತ್ತ. ಡಂಗುರ ಹೊಡದು ಮಾಡಿದ್ದು ವ್ರತ ಅಲ್ಲ.”

ನಕ್ಕು ಮಾತು ಕೊಟ್ಟೆ.

ಮಾರ್ಚ್ 3

ಮಾವಶಿ ನನ್ನ ಅಡುಗೆಮನೆಯಲ್ಲಿ, ಪಿಸುದನಿಯಲ್ಲಿ — “ಸೆವ್ರಿನಾಗ ‘ನಿನ್ನ ಮೀನಸಾರು ಸಪ್ಪ’ ಅಂದೆ. ‘ಹೌದವಾ, ಉಪ್ಪು ಕಡಿಮಿ ಆತು’ ಅಂದ್ಲು! ಅಂಬಾ, ಖರೇ ಹೇಳು. ಡಾಕ್ಟರ್ ಆಕಿಗೆ ಏನರ ಹೇಳ್ಯಾನೇನು?”

ಇಲ್ಲವೆಂದೆ. ನಂಬಲಿಲ್ಲ.

ಮಾರ್ಚ್ 19, ಗುರುವಾರ

ಇದು ನಗುವ ವಿಷಯವಾಗಿ ಉಳಿದಿಲ್ಲ. ಇಸ್ರೇಲಿನ ಅಶ್ದೋದ್‌ನಿಂದ ಮಾವಶಿಯ ತಂಗಿಯ ಮಗಳು ಫಾರ್ಮ್ ಕಳಿಸಿದ್ದಾಳೆ. ಇಲ್ಲೇ ಬಂದು ಇದ್ದುಬಿಡಿ ಎಂದು. ಬೈಯಲಿ ಎಂದೇ ಮಾವಶಿ ಆಂಟಿಗೆ ತೋರಿಸಿದರು.

“ಹೋಗು. ಛಲೋ ಆಗ್ತದ.”

ಆಂಟಿಯ ಬಾಗಿಲು ಮುಚ್ಚಿತು. ಒಳಗೆ ನಲ್ಲಿ ತುಂಬ ಹೊತ್ತು ಸುರಿಯುತ್ತಿತ್ತು.

ಆಮೇಲೆ ಹೋಗಿ ಕೇಳಿದೆ — “ಬ್ಯಾಡ ಅನ್ನಬಾರದೇನ್ರಿ?”

“ಬ್ಯಾಡ ಅಂದ್ರ ಆಕಿ ಯಾಕ ಅಂತಾಳ. ಯಾಕ ಅಂದ್ರ ಜಗಳ. ದೇವರಿಗೆ ಮಾತು ಕೊಟ್ಟೀನಿ.” ಕಣ್ಣು ಕೆಂಪಾಗಿದ್ದವು.

ಏಪ್ರಿಲ್ 1, ಬುಧವಾರ, ಸಂಜೆ

ಇಂದು ರಾತ್ರಿಯಿಂದ ಮಾವಶಿಯ ಯೆಹೂದಿ ಹಬ್ಬ. ಎಂಟು ದಿನ ಮನೆಯಲ್ಲಿ ಹುಳಿ ಬರಿಸಿದ್ದು — ಪಾವು, ಬ್ರೆಡ್ಡು, ಬಿಸ್ಕತ್ತು — ಇರಕೂಡದು. ಎಲ್ಲ ಆಂಟಿಯ ಮನೆಗೆ ಸಾಗುತ್ತದೆ. ಪ್ರತಿವರ್ಷ ವಿನೆಗರ್ ಬಾಟಲಿಯ ಬಳಿ ಒಂದು ತಾಸು ಯುದ್ಧ — ಅದು ಹೋಗಬೇಕೋ ಇರಬೇಕೋ. ಈ ಸಲ ಮಾವಶಿ ಬೇಕೆಂದೇ ಮೂರು ಸಲ ಕೊಟ್ಟು ಮೂರು ಸಲ ವಾಪಸು ಪಡೆದರು. ಆಂಟಿ ಮೂರು ಸಲವೂ “ಹೂಂ.”

ಮಾವಶಿ ಮೆಟ್ಟಿಲ ಮೇಲೆ ಕೂತು ಅತ್ತರು. ವಿನೆಗರ್ ಹಿಡಿದುಕೊಂಡೇ.

ಏಪ್ರಿಲ್ 4, ಶನಿವಾರ

“ನಾಳೆ ಮುಂಜಾನೆ ಫಾರ್ಮಿಗೆ ಸಹಿ ಹಾಕ್ತೀನಿ,” ಅಂದರು ಮಾವಶಿ. “ ಜಗಳ ಆಡೂವಷ್ಟೂ ನಾ ಬೇಕಾಗಿಲ್ಲ ಆಕಿಗೆ.”

ವ್ರತದ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಕೊಟ್ಟ ಮಾತು ಅಡ್ಡ ಬಂತು. ನಾಳೆಯೇ ಈಸ್ಟರ್; ಚರ್ಚಿನ ಬೆಳಗಿನ ಪೂಜೆಯೊಂದಿಗೆ ಆಂಟಿಯ ವ್ರತ ಮುಗಿಯುತ್ತದೆ. ಯಾವುದು ಮೊದಲು — ಪೂಜೆ ಮುಗಿಯುವುದೋ, ಮಾವಶಿ ಏಳುವುದೋ? ಹೇಡಿ ನಾನು.

ಏಪ್ರಿಲ್ 5, ಭಾನುವಾರ, ಬೆಳಿಗ್ಗೆ 6.40

ಎದುರಿನ ಬಾಗಿಲಿಗೆ ಗುದ್ದು. ಇಣುಕಿದೆ. ಆಂಟಿ, ಚರ್ಚಿನ ಸೀರೆಯಲ್ಲಿ, ಏದುಸಿರು ಬಿಡುತ್ತ.

“ಏ ಸಿಪೋರಾ! ಹೊರಗ ಬಾ! ಅಶ್ದೋದಕ್ಕ ಹೋಗ್ತಾಳಂತ! ಇಲ್ಲೇ ಭೋಸರಿಗೆ ಹೋಗೂ ಬಸ್ಸು ಹತ್ತಾಕ ನನ್ನ ಕೈ ಹಿಡ್ಯಾಕಿ! ಒಬ್ಬಾಕಿನ ವಿಮಾನ ಹೆಂಗ ಹತ್ತತಿ? ಮತ್ತ ಸಪ್ಪ ಇದ್ದದ್ದು ನನ್ನ ಸಾರಲ್ಲ, ನಿನ್ನ ನಾಲಿಗಿ!”

ಬಾಗಿಲು ತೆರೆಯಿತು. ಮಾವಶಿ ಸೊಂಟಕ್ಕೆ ಕೈ ಕೊಟ್ಟು ನಿಂತರು.

“ಇಷ್ಟ ದಿನ ಎಲ್ಲಿ ಸತ್ತಿದ್ದಿ?”

9.15

ಇನ್ನೂ ನಡೆದಿದೆ, ಬಿಟ್ಟ ಒಂದೊಂದು ದಿನದ ಜಗಳವೂ ಸರದಿಯಂತೆ. ಕೆಳಗಿನ ಮನೆಯ ಬಸವಪ್ರಭು ಎರಡು ಸಲ ಮೇಲೆ ಬಂದು, ನೋಡಿ, ಇಳಿದುಹೋದರು.

ಈಗ ನನ್ನ ಬಾಗಿಲಲ್ಲಿ ಮಾವಶಿ. ಕೈಯಲ್ಲಿ ಆ ಫಾರ್ಮ್. ಸಹಿಯ ಜಾಗ ಖಾಲಿ. ಹಿಂಬದಿ ತುಂಬ ಸೊಟ್ಟ ಅಕ್ಷರ — ಆಂಟಿಗೆ ಕೊಡಬೇಕಾದ ಉತ್ತರಗಳು. ಮುಖ ಕೆಂಪಾಗಿ ಹೊಳೆಯುತ್ತಿದೆ.

“ಅಂಬಾ, ಪೆನ್ನಿನ ಇಂಕ್ ಮುಗೀತು, ಇನ್ನೊಂದ ಕೊಡು, ಲಗೂನ! ಆಕಿ ಇನ್ನ ಮಾರ್ಚ್ ಎಂಟಕ್ಕ ಬಂದಾಳ —”