ಬ್ಯಾಡಗಿ ಕಾಯಿ ಉರಿಯುವುದಿಲ್ಲ

ಶೈಲಶ್ರೀ,

ಕ್ಯಾಸೆಟ್ಟಿನಲ್ಲಿ ನೀನು ಬಾರಿಸಿದ್ದನ್ನು ಇವತ್ತು ಬ್ಯಾಡಗಿಯಲ್ಲಿ ನನ್ನದೆಂದು ನಂಬಿಸಿ ಬಂದೆ. ನಿನ್ನ ವಿಳಾಸ ಗೊತ್ತಿದೆ, ಇದನ್ನು ಕಳಿಸುವ ಮುಖವಿಲ್ಲ.

ಮೆಣಸಿನಕಾಯಿ ಮಾರ್ಕೆಟ್ ಯಾರ್ಡಿನೆದುರಿನ ಕ್ಯಾಸೆಟ್ ಅಂಗಡಿಯಲ್ಲಿ ಹುಡುಗರು ಫಂಕ್-ರಾಕ್ ಬ್ಯಾಂಡುಗಳ ಬಗ್ಗೆ ಕಿತ್ತಾಡುತ್ತಿದ್ದರು. ಅವರಲ್ಲಿ ಶಶಿಕಾಂತನಿಗೆ ಗಿಟಾರಿನಲ್ಲಿ ವೇಗವಾಗಿ ಸೋಲೋ ಬಾರಿಸುವವರಷ್ಟೇ ದೊಡ್ಡವರು.

"ಬೆರಳು ಓಡಿಸಿದ್ರ ಗಿಟಾರಿಸ್ಟ್ ಆಗ್ತಾರೇನಲೇ? ಕೇಳಿದವ್ರ ಮೈ ಕುಣೀಬೇಕು!" ಎಂದು ಮೈಲೇಶ ಹರಿಹಾಯ್ದ. ಸಾಕ್ಷಿಗೆಂದು ನಮ್ಮ ತಂಡದ ಹೋರಾಟದ ಹಾಡುಗಳ ಕ್ಯಾಸೆಟ್ ಹಾಕಿದ. ತಂತಿಗಳನ್ನು ಅದುಮಿ ಹಿಡಿದು ನೀನು ಚಕಚಕ ಬಾರಿಸಿದ್ದಕ್ಕೆ ಅಂಗಡಿಯೇ ತಲೆದೂಗಿತು.

"ಅಣ್ಣಾರ, ಇದು ನಿಮ್ಮ ಕೈ ಅಲ್ಲೇನ್ರಿ?" ಎಂದು ಮೈಲೇಶ ನನ್ನತ್ತ ತಿರುಗಿದ.

ನಾನು ನಕ್ಕೆ. ಅವರಿಗೆ ಅಷ್ಟೇ ಸಾಕಾಯಿತು. ದುಡಿದವರ ಹೆಸರು ನುಂಗುವವರನ್ನು ವೇದಿಕೆ ಹತ್ತಿ ಕಳ್ಳರೆಂದು ಬೈಯುವ ಬಾಯಿ ಇದು. ಕ್ಯಾಸೆಟ್ಟಿನ ಹೊದಿಕೆಯ ಮೇಲೂ ನನ್ನ ಹೆಸರೊಂದೇ ಇದೆ. ಹಾಗೆ ಅಚ್ಚು ಹಾಕಿಸಿದವನು ನಾನೇ. ಅದನ್ನು ಕಂಡ ಮೇಲೆ ನೀನು ತಾಲೀಮಿಗೆ ಬರಲಿಲ್ಲ.

ಮೈಲೇಶ ಗಿಟಾರ್ ತಂದು ನನ್ನ ಮಡಿಲಿಗಿಟ್ಟ. "ಒಂದೀಟು ಬಾರಿಸಿ ತೋರಿಸ್ರಿ."

ನಿನ್ನ ಆ ಕೈಚಳಕ ನನಗೆ ಎಂದೂ ಒಲಿದಿಲ್ಲವೆಂದು ನಿನಗೆ ಗೊತ್ತು. "ಯಾರ್ಡಿನ್ಯಾಗ ಮೆಣಸಿನಕಾಯಿ ಮುಟ್ಟೇನಿ, ಬೆರಳು ಉರಿಯಾಕತ್ತಾವ" ಎಂದೆ.

ಶಶಿಕಾಂತ ಗಹಗಹಿಸಿದ. "ಬ್ಯಾಡಗಿ ಕಾಯಿ ಬಣ್ಣಕ್ಕ ಹೆಸರಾಗೈತ್ರಿ, ಖಾರಕ್ಕಲ್ಲ! ಅದು ಯಾರ ಬೆರಳು ಉರಿಸೈತ್ರಿ, ಅಣ್ಣಾರ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರು ಮತ್ತೆ ಅದೇ ಹಾಡು ಹಚ್ಚಿದರು. ನಿನ್ನ ಹೆಸರು ಹೇಳಲು ಆಗಲೂ ಒಂದು ಹಾಡಿನಷ್ಟು ಹೊತ್ತಿತ್ತು. ಗಿಟಾರನ್ನು ಮಡಿಲಲ್ಲೇ ಇಟ್ಟುಕೊಂಡು ಪೂರ್ತಿ ಕೇಳಿದೆ.