ಗಿರಣಿ ನಿಂತಾಗ ಎತ್ತಿದ ಕೈ

ಕಿವಿ ಡಾಕ್ಟರಮ್ಮನವರಿಗೆ ನಮಸ್ಕಾರ.

ಬಲಗಿವಿಯ ಆಪರೇಷನ್ ಗಾಯ ಒಣಗಿದೆ. ಕಿವಿಯೊಳಗೆ ಬಾವು ಬಂದು, ಅಷ್ಟಿಷ್ಟು ಕೇಳಿಸುತ್ತಿದ್ದುದೂ ಹೋಗದಿರಲೆಂದು ನೀವು ಕೊಟ್ಟ ಸ್ಟೆರಾಯ್ಡ್ ಮಾತ್ರೆಗಳೂ ಮುಗಿದವು. ಅವುಗಳ ದೆಸೆಯಿಂದ ಹಸಿವೋ ಹಸಿವು; ಮನೆಯವರ ತಟ್ಟೆಗೂ ಕೈ ಹಾಕಿದ್ದೇನೆ.

ಕಿವಿಯೊಳಗಿಟ್ಟ ಕೇಳುವ ಯಂತ್ರವನ್ನು ನೀವಿನ್ನೂ ಚಾಲೂ ಮಾಡಿಲ್ಲ. ಅಲ್ಲಿಯವರೆಗೆ, ಮೊದಲು ಕೇಳಿಸುತ್ತಿದ್ದಷ್ಟು ಉಳಿದಿದೆಯೋ ಎಂಬ ಕುತೂಹಲ ತಡೆಯಲಾಗದೆ ನಮ್ಮ ಹಿಟ್ಟಿನ ಗಿರಣಿಯಲ್ಲೇ ಪರೀಕ್ಷೆ ಮಾಡಿಕೊಂಡೆ. ನೆಲದ ನಡುಕ ಕಾಲಿಗೆ ತಿಳಿಯಬಾರದೆಂದು ಹಾಸಿಗೆ ಮಡಿಸಿ, ಅದರ ಮೇಲೆ ಕಣ್ಣು ಮುಚ್ಚಿ ನಿಂತೆ. ಮನೆಯವರು ಗಿರಣಿ ಶುರು ಮಾಡುವುದು, ನಿಲ್ಲಿಸುವುದು; ಸದ್ದು ಕೇಳಿದರೆ ನಾನು ಕೈ ಎತ್ತುವುದು. ಎಡಗಿವಿ ಎಂದೋ ಕೈಕೊಟ್ಟಿದೆ, ಹಾಗಾಗಿ ಮೋಸವಿಲ್ಲ.

ಹೆಚ್ಚುಕಡಿಮೆ ಎಲ್ಲ ಸರಿಯಾಯಿತು. ಒಮ್ಮೆ ಮಾತ್ರ ಗಿರಣಿ ನಿಂತಿದ್ದಾಗ ಕೈ ಎತ್ತಿಬಿಟ್ಟೆ. ನಗುತ್ತಾರೆಂದು ಕಣ್ಣು ಬಿಟ್ಟರೆ, ಅವರು ನಗುತ್ತಿರಲಿಲ್ಲ. ನನಗೆ ತಿಳಿಯಲೆಂದು ನಿಧಾನವಾಗಿ ತುಟಿಯಾಡಿಸಿದರು: “ಗಿರಣಿ ಆಫ್ ಇತ್ತು ಕಣೇ. ಕಾಲು ನೋಯ್ತಿದ್ಯಾ ಅಂತ ನಾನೇ ಕೇಳ್ದೆ.”

ಇದು ಪಾಸೋ ಫೇಲೋ ತಿಳಿಸಿ. ಪಾಸಾದರೆ, ಯಂತ್ರ ಚಾಲೂ ಮಾಡುವ ದಿನ ಮಿಕ್ಕ ಸದ್ದುಗಳನ್ನೆಲ್ಲ ಅದಕ್ಕೇ ವಹಿಸಿ. ಇವರ ಈ ತಗ್ಗು ದನಿಯೊಂದನ್ನು ನನ್ನ ಕಿವಿಗೇ ಬಿಡಿ.

ಇಂತಿ,
ನಿಮ್ಮ ಗಿರಣಿಯಮ್ಮ